ಕರಿಕೋಟಿನವ, ಮುಸುಕಿನವ, ಟಾರ್ಚಿನವಳು

ನನ್ನ ಮೊಮ್ಮಗಳು ಪುಸ್ತಕ ಮಾಡಿದ್ದಾಳೆ. ಬರೆದಿದ್ದಾಳೆ ಅನ್ನಬೇಕೋ ಬಿಡಿಸಿದ್ದಾಳೆ ಅನ್ನಬೇಕೋ ನನಗೆ ತಿಳಿಯದು. ಪುಟದ ತುಂಬ ಚೌಕಗಳು, ಚೌಕದೊಳಗೆ ಮನುಷ್ಯರು, ಅವರ ಬಾಯಿಂದ ಎದ್ದ ಗುಳ್ಳೆಯೊಳಗೆ ಮಾತು. ಕಾಮಿಕ್ ಅನ್ನುತ್ತಾರಂತೆ ಇದಕ್ಕೆ. ಅವಳ ಶಾಲೆಯ ಮೇಡಂ ಅದನ್ನು ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿದರು. ಇಪ್ಪತ್ತಕ್ಕೂ ಹೊಲಿಗೆ ಹಾಕಿ, ರಟ್ಟು ಅಂಟಿಸಿ ಜಿಲ್ದು ಕಟ್ಟಿದವನು ನಾನು. ಆಳಂದದ ಬಜಾರಿನಲ್ಲಿ ನಲವತ್ತು ವರ್ಷದಿಂದ ಇದೇ ಕೆಲಸ. ಕುರಾನ್ ಕಟ್ಟಿದ್ದೇನೆ, ಜಿಡಗಾ ಮಠಕ್ಕೆ ನಡೆದುಕೊಳ್ಳುವವರ ಪುರಾಣದ ಪುಸ್ತಕ ಕಟ್ಟಿದ್ದೇನೆ, ಕಚೇರಿಯ ಪಹಣಿ ಕಟ್ಟಿದ್ದೇನೆ. ಒಂದೊಂದು ಹೊಲಿಗೆಯನ್ನೂ ಎರಡೆರಡು ಸಲ ಎಳೆದು ನೋಡಿದ್ದು ಈ ಪುಸ್ತಕಕ್ಕೇ.

ಈಗ ಚಹಾದಂಗಡಿಗೆ ಹೋದರೂ ಕಂಕುಳಲ್ಲಿ ಒಂದು ಪ್ರತಿ ಇರುತ್ತದೆ.

"ಚಾಚಾ, ಇದನ್ನ ನಿನ್ನೆನೂ ತೋರ್ಸೀರಿ," ಅನ್ನುತ್ತಾನೆ ಅಂಗಡಿಯವ.

"ನಿನ್ನೆ ಬ್ಯಾರೆ ಪುಟ ತೋರ್ಸಿದ್ದೆ. ಕೈ ಒರಸ್ಕೊಂಡು ಬಾ."

ನನ್ನ ಎದೆ ಹಿಡಿಸಲಾರದಷ್ಟು ತುಂಬಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಪುಸ್ತಕ ಹೇಗೆ ಆಯಿತು ಅಂತ ಹೇಳಲು ಕುಳಿತರೆ ಸಂತೋಷದ ಮಾತು ಕಡಿಮೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಹಾಗೆ ಬರೆಯುವುದನ್ನು ಆ ಹುಡುಗಿಯೇ ನನಗೆ ಕಲಿಸಿದಳು, ಅದೂ ನನ್ನ ಅರವತ್ತೆಂಟನೇ ವಯಸ್ಸಿನಲ್ಲಿ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಅಂಕಿ ಬೇಗ ಬರುತ್ತಿದ್ದವು, ಅಕ್ಷರ ತಡವರಿಸುತ್ತಿದ್ದವು. ಮನೆಯಲ್ಲಿ ಉರ್ದು, ಬಜಾರಿನಲ್ಲಿ ಕನ್ನಡ. ನಾನು ಅಂಗಡಿ ಹಾಕಿದ ಕಾಲಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಅಲ್ಲಿ ಓಡುತ್ತಿದ್ದದ್ದೆಲ್ಲ ಪತ್ತೇದಾರಿ ಕಾದಂಬರಿ. ಒಂದೊಂದು ಪುಸ್ತಕ ಊರೆಲ್ಲ ತಿರುಗಿ, ಬೆನ್ನು ಮುರಿದುಕೊಂಡು ನನ್ನ ಹತ್ತಿರ ಬರುತ್ತಿತ್ತು. ಕೆಲವಕ್ಕೆ ಮುಂದಿನ ಅರ್ಧ ಇರುತ್ತಿರಲಿಲ್ಲ, ಕೆಲವಕ್ಕೆ ಹಿಂದಿನದು. ಹರಿದವನ್ನೆಲ್ಲ ಒಂದು ಚೀಲದಲ್ಲಿ ತಂದು ಹಾಕಿ, ಎರಡು ಮುರುಕಲು ಕೂಡಿಸಿ ಒಂದು ಗಟ್ಟಿ ಪುಸ್ತಕ ಮಾಡು ಅನ್ನುತ್ತಿದ್ದರು.

ಪುಸ್ತಕ ಅಂದರೆ ಹದಿನಾರು ಹದಿನಾರು ಪುಟದ ಮಡಿಕೆಗಳು. ನಾವು ಅದಕ್ಕೆ ಫಾರಂ ಅನ್ನುತ್ತೇವೆ. ಆ ಕಾದಂಬರಿಗಳ ಕಾಗದ ಒಂದೇ, ಅಳತೆ ಒಂದೇ, ಪುಟದ ಮೇಲೆ ಹೆಸರೂ ಇರುತ್ತಿರಲಿಲ್ಲ. ನಾನು ಅಂಕಿ ನೋಡಿ ಜೋಡಿಸುತ್ತಿದ್ದೆ. ಅರವತ್ನಾಲ್ಕು ಮುಗಿದಲ್ಲಿ ಅರವತ್ತೈದು ಸಿಕ್ಕರೆ ಆಯಿತು, ದಬ್ಬಣ ಚುಚ್ಚುವುದು, ದಾರ ಎಳೆಯುವುದು.

ಒಂದು ದಿನ ಬಟ್ಟೆ ಅಂಗಡಿಯ ಸಾವ್ಕಾರರು ಒಂದು ಪುಸ್ತಕ ಹಿಡಿದುಕೊಂಡು ನೆಟ್ಟಗೆ ನನ್ನ ಅಂಗಡಿಗೇ ಬಂದರು.

"ಏನೋ ಇದು? ಅರವತ್ನಾಲ್ಕರಾಗ ಕರಿಕೋಟಿನವ ಹಾಳಬಾವ್ಯಾಗ ಬಿದ್ದಾನ. ಮ್ಯಾಲೆ ಕಳ್ಳರು ಕಲ್ಲ ಮುಚ್ಯಾರ. ಅರವತ್ತೈದರಾಗ ಯಾವನೋ ಮುಸುಕಿನವ ಹೋಟೆಲಿನ್ಯಾಗ ಕುಂತು ಚಹಾ ಕುಡ್ಯಾಕತ್ತಾನ. ಬಾವ್ಯಾಗ ಬಿದ್ದವ ಏನಾದ?"

ನಾಚಿಕೆಗೆ, "ಇವನ ಬಂದು ಅವನ್ನ ಬಿಡಸ್ತಾನ್ರಿ, ಓದ್ರಿ," ಅಂದುಬಿಟ್ಟೆ.

ನಾಲ್ಕು ದಿನ ಬಿಟ್ಟು ಮತ್ತೆ ಬಂದರು. "ಬಿಡಸಲಿಲ್ಲ. ಆದರ ಚಲೋ ಅದ. ಇನ್ನೊಂದು ಇಂಥಾದ್ದ ಮಾಡು," ಅಂದರು.

ಆ ತಪ್ಪು ಏನು ಅಂತ ತಿಳಿಯಲಿಕ್ಕೆ ನಾನು ಆ ಪುಸ್ತಕ ಓದಬೇಕಾಯಿತು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಎರಡು ತಿಂಗಳು. ನಾನು ಓದು ಕಲಿತದ್ದು ಹೀಗೆ. ಆಮೇಲೆ ಬೇಕೆಂದೇ ಬೆರೆಸತೊಡಗಿದೆ. ಒಬ್ಬನ ಕೈಲಾಗದ ಕಡೆ ಇನ್ನೊಬ್ಬನನ್ನು ತಂದು ಹೊಲಿಯುವುದು. ಕೊನೆಯ ಪುಟ ಕೆಟ್ಟದಾಗಿದ್ದರೆ, ಒಳ್ಳೆಯವರು ಸತ್ತರೆ, ಆ ಫಾರಂ ಕಿತ್ತು ಬೇರೆಯದರ ಕೊನೆ ಅಂಟಿಸುವುದು. ಯಾರೂ ಬೈಯಲಿಲ್ಲ.

ಮೊಮ್ಮಗಳಿಗೆ ಹಾಲು ಬಿಡಿಸಿದ ದಿನದಿಂದ ಇವೇ ಕಥೆ. ಅವಳು ನನ್ನ ಜೊತೆ ಕನ್ನಡವನ್ನೇ ಆಡುವುದು ಇದಕ್ಕೇ. ಕರಿಕೋಟಿನವ ನೆಲದ ಮೇಲಿನ ಗುರುತು ಓದುತ್ತಾನೆ. ಮುಸುಕಿನವ ಯಾವ ಗೋಡೆಯಾದರೂ ಹತ್ತುತ್ತಾನೆ. ಐದು ವರ್ಷದವಳಿದ್ದಾಗ ಕೇಳಿದಳು, "ಹೆಣ್ಮಕ್ಕಳು ಯಾಕಿಲ್ಲ ದಾದಾ?" ಯಾವುದೋ ಹರಕು ಪುಸ್ತಕದಲ್ಲಿ ಟಾರ್ಚ್ ಹಿಡಿದು ನಡೆಯುವ ಪತ್ತೇದಾರಿಣಿ ಇದ್ದದ್ದು ನೆನಪಿಗೆ ಬಂತು. ಅವಳನ್ನೂ ಸೇರಿಸಿದೆ. ಟಾರ್ಚಿನವಳು ಮುಖದ ಮೇಲೆ ಬೆಳಕು ಬಿಟ್ಟರೆ ಸುಳ್ಳು ಹೇಳುವವರು ಕಣ್ಣು ಮುಚ್ಚುತ್ತಾರೆ. ಅದನ್ನು ನಾನೇ ಹುಟ್ಟಿಸಿ ಹೇಳಿದ್ದೆ.

ಹೋದ ವರ್ಷ ಕಬ್ಬಿನ ಹಂಗಾಮು ಶುರುವಾದಾಗ ನನ್ನ ಮಗ ಎಂದಿನ ಹಾಗೆ ಟ್ರ್ಯಾಕ್ಟರ್ ಹೊಡೆಯಲಿಕ್ಕೆ ಹೋದ. ಅಫಜಲಪುರ ತಾಲ್ಲೂಕಿನ ಹೊಲಗಳಿಂದ ಹವಳಗಾ ಕಡೆಗೆ ಕಬ್ಬು ಸಾಗಿಸುವುದು, ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ. ಟ್ರ್ಯಾಕ್ಟರ್ ಒಬ್ಬ ಸಾವ್ಕಾರನದು. ಅದಕ್ಕೆ ನಂಬರ್ ಬರೆಸಿರಲಿಲ್ಲ. ಒಂದು ಮುಂಜಾನೆ, ಇನ್ನೂ ಮಂಜು ಹರಿಯದ ಹೊತ್ತಿನಲ್ಲಿ, ತಿರುವಿನಲ್ಲಿ ಹಿಂದಿನ ಟ್ರಾಲಿ ರಸ್ತೆಯ ಅಂಚಿಗೆ ಜಗ್ಗಿತು. ಅಂಚಿನಲ್ಲಿ ಕಬ್ಬು ಕಡಿಯಲು ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ನಡೆಯುತ್ತಿದ್ದಳು. ಅವಳು ಗಾಲಿಗೆ ಸಿಕ್ಕಳು. ಮಗ ಇಳಿದು ನೋಡಿದ. ಸಾವ್ಕಾರನಿಗೆ ಫೋನು ಮಾಡಿದ. ಅವನು, ಗಾಡಿ ತಂದು ನನ್ನ ಹೊಲದಾಗ ಹಚ್ಚು, ನೀ ಸ್ವಲ್ಪ ದಿನ ಕಾಣಿಸಬ್ಯಾಡ ಅಂದ. ಮಗ ಹಾಗೆಯೇ ಮಾಡಿ, ಮನೆಗೆ ಫೋನಿನಲ್ಲಿ ತಿಳಿಸಿದ. ಬಿದ್ದವಳು ಅಲ್ಲೇ ತೀರಿಕೊಂಡಳು.

ನಾಲ್ಕು ದಿನಕ್ಕೆ ಪೊಲೀಸರು ಬಂದರು. ಟ್ರ್ಯಾಕ್ಟರ್ ಹೊಡೆಯುವವರ ಮನೆ ಮನೆಗೆ ಹೋಗಿ ಕೇಳುತ್ತಿದ್ದರಂತೆ. ನಮ್ಮ ಬಾಗಿಲಲ್ಲಿ ನಾನೇ ನಿಂತಿದ್ದೆ.

"ಮಗ ಎಲ್ಲ್ಯಾನ?"

"ಪುಣೆಕ್ಕ ಹೋಗ್ಯಾನ್ರಿ. ಹದಿನೈದು ದಿನಾ ಆತು."

ನನ್ನ ಹಿಂದೆ ಮೊಮ್ಮಗಳು ನಿಂತಿದ್ದಳು. ಹದಿನೈದು ದಿನದ ಮಾತು ಬಿಡಿ, ಐದು ದಿನದ ಕೆಳಗೆ ಅವಳು ಅಪ್ಪನ ತಟ್ಟೆಯಲ್ಲೇ ಊಟ ಮಾಡಿದ್ದಳು. ಪೊಲೀಸರು ಬರೆದುಕೊಂಡು ಹೋದರು. ನಾನು ತಿರುಗಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ತಾಯಿ, ಅಂದರೆ ನನ್ನ ಸೊಸೆ, ಒಳಗೆ ಕರೆದು ಪಪ್ಪಾ ಪುಣೆಯಲ್ಲಿದ್ದಾರೆ ಅಂತ ಇನ್ನೊಮ್ಮೆ ಹೇಳಿದಳು. ನಿಜಕ್ಕೂ ಅವನಿದ್ದದ್ದು ಜೇವರ್ಗಿ ತಾಲ್ಲೂಕಿನ ಕೊಳಕೂರಿನಲ್ಲಿ, ಸೊಸೆಯ ಅಕ್ಕನ ಮನೆಯಲ್ಲಿ.

ಅದಾಗಿ ತಿಂಗಳಿಗೆ ಒಬ್ಬ ಮನುಷ್ಯ ನನ್ನ ಅಂಗಡಿಗೆ ಬಂದ. ನಲವತ್ತರ ಆಸುಪಾಸು, ತಲೆಗೆ ಟವೆಲ್. ಹೊಸ್ತಿಲಿಗೇ ಕುಳಿತ.

"ಚಾಚಾ, ನನ್ನ ಹೇಣ್ತಿ ಹವಳಗಾ ಹಾದ್ಯಾಗ ಟ್ರ್ಯಾಕ್ಟರಿಗೆ ಸಿಕ್ಕು ಹೋದಳ್ರಿ. ಯಾರ ಗಾಡಿ ಅಂತ ಗೊತ್ತಾಗ್ವಲ್ದು. ನಿಮ್ಮ ಮಗಾನೂ ಆ ಕಡೆ ಗಾಡಿ ಹೊಡೀತಿದ್ದ ಅಂದ್ರು."

"ಅವ ಪುಣೆದಾಗ ಅದಾನಪ್ಪ."

"ಹೌದಂತ, ಸ್ಟೇಷನ್ಯಾಗ ಹೇಳ್ಯಾರ. ಅವನ ಮ್ಯಾಲೆ ನಂದೇನಿಲ್ರಿ. ಫೋನ್ ಮಾಡಿದ್ರ ಒಂದ್ ಮಾತು ಕೇಳ್ರಿ. ಹೋಗೂಕ್ಕಿಂತ ಮೊದಲ ಯಾರರ ಹುಚ್ಚುಚ್ಚಾರ ಗಾಡಿ ಹೊಡೆಯೋರ್ನ ನೋಡಿದ್ನೇನು ಅಂತ."

"ಕೇಳ್ತೇನಿ," ಅಂದೆ.

ಅವನು ನನಗೆ ಕೈ ಮುಗಿದು ಹೋದ. ಅಂಗಡಿಯ ಮೂಲೆಯಲ್ಲಿ ಮೊಮ್ಮಗಳು ರಟ್ಟಿನ ಚೂರುಗಳ ಮೇಲೆ ಕುಳಿತು ಶಾಲೆಯ ಲೆಕ್ಕ ಮಾಡುತ್ತಿದ್ದಳು. ಪೆನ್ಸಿಲ್ ನಿಂತಿತ್ತು. ಆ ದಿನದಿಂದ ಅವಳು ನನ್ನ ಬಳಿ ಕಥೆ ಕೇಳುವುದನ್ನು ಬಿಟ್ಟಳು.

ಕಥೆ ಕೇಳದಿದ್ದರೂ ಕಾಗದ ಕೇಳಿದಳು. ಜಿಲ್ದಿಗೆ ಉಳಿದ ಬಿಳಿ ಹಾಳೆಗಳನ್ನೆಲ್ಲ ಕೊಟ್ಟೆ. ಒಂದು ತಿಂಗಳು ಬಗ್ಗಿಸಿದ ತಲೆ ಎತ್ತಲಿಲ್ಲ. ಹತ್ತಿರ ಹೋದರೆ ತೋಳು ಅಡ್ಡ ಇಡುತ್ತಿದ್ದಳು. ನನಗೆ ಒಳಗೊಳಗೇ ಹಿಗ್ಗು. ಮೂಲೆಯಿಂದ ಇಣುಕಿದಾಗ ಕರಿಕೋಟು ಕಂಡಿತ್ತು, ಮುಸುಕು ಕಂಡಿತ್ತು, ಟಾರ್ಚಿನ ಹಳದಿ ಬೆಳಕು ಕಂಡಿತ್ತು. ನಾನು ಕೂಡಿಸಿದ ಮೂವರೂ ನನ್ನ ಮೊಮ್ಮಗಳ ಕೈಯಲ್ಲಿ ಒಂದೇ ಚೌಕದೊಳಗೆ ನಿಂತಿದ್ದರು. ಮನೆಯಲ್ಲಿ ಅಂಥ ದಿನಗಳಿದ್ದರೂ ನಾನು ಒಬ್ಬನೇ ನಗುತ್ತಿದ್ದೆ.

ಸಂಕ್ರಮಣದ ಹೊತ್ತಿಗೆ ಹಾಳೆಗಳನ್ನು ತಂದು ನನ್ನ ಮುಂದೆ ಇಟ್ಟಳು.

"ಕಟ್ಟಿ ಕೊಡ್ರಿ ದಾದಾ."

"ಓದಲೇನು?"

"ಓದದ ಹ್ಯಾಂಗ ಜೋಡಸ್ತೀರಿ?"

ಅವಳು ಶಾಲೆಗೆ ಹೋದ ಮೇಲೆ ಓದಿದೆ. ಮೊದಲ ಪುಟದಲ್ಲಿ ಮಂಜು. ಮಂಜಿನಲ್ಲಿ ರಸ್ತೆ. ರಸ್ತೆಯ ಮೇಲೆ ಒಬ್ಬ ಹೆಂಗಸು ಮಲಗಿದ್ದಾಳೆ, ಮುಖ ಕೆಳಗೆ. ಕರಿಕೋಟಿನವ ಮೊಣಕಾಲೂರಿ ಗಾಲಿಯ ಗುರುತು ಅಳೆಯುತ್ತಿದ್ದಾನೆ. ಮುಸುಕಿನವ ಕಬ್ಬಿನ ಮೇಲೆ ಹತ್ತಿ ದೂರ ನೋಡುತ್ತಿದ್ದಾನೆ. ಟಾರ್ಚಿನವಳು ಒಂದೊಂದೇ ಮನೆಯ ಬಾಗಿಲು ಬಡಿಯುತ್ತಿದ್ದಾಳೆ. ಹನ್ನೆರಡನೇ ಪುಟ ಮುಗಿದು ಹದಿಮೂರಕ್ಕೆ ಬಂದಾಗ ಆ ಬಾಗಿಲು ನಮ್ಮದಾಗಿತ್ತು. ಹಸಿರು ಬಣ್ಣ, ಮೇಲೆ ಮುರಿದ ಚಿಲಕ, ಪಕ್ಕದಲ್ಲಿ ನಲ್ಲಿ. ಬಾಗಿಲಲ್ಲಿ ಒಬ್ಬ ಮುದುಕ. ಕೈಯಲ್ಲಿ ಅಂಟಿನ ಬ್ರಷ್. ಗುಳ್ಳೆಯೊಳಗೆ, "ಪುಣೆಕ್ಕ ಹೋಗ್ಯಾನ್ರಿ."

ಟಾರ್ಚಿನವಳು ಬೆಳಕು ಬಿಡುತ್ತಾಳೆ. ಮುಂದಿನ ಚೌಕದಲ್ಲಿ ಮುದುಕ ಕಣ್ಣು ಮುಚ್ಚಿದ್ದಾನೆ.

ಹದಿನಾಲ್ಕು, ಹದಿನೈದರಲ್ಲಿ ಟ್ರ್ಯಾಕ್ಟರ್ ಹೊಡೆಯುವವ ಹೊಲ ದಾಟಿ ಓಡುತ್ತಿದ್ದಾನೆ. ಅಂಗಿ ನನ್ನ ಮಗನದು, ನಡಿಗೆ ಅವನದು. ಮುಖದ ಜಾಗ ಬಿಳಿ. ಹದಿನಾರನೇ ಪುಟ ಪೂರಾ ಖಾಲಿ.

ನಾನು ಆಗ ಮಾಡಿದ್ದನ್ನು ನೆನೆದರೆ ಇವತ್ತಿಗೂ ತಲೆ ಬಗ್ಗುತ್ತದೆ. ಚೂರಿ ತೆಗೆದುಕೊಂಡು ಕೊನೆಯ ನಾಲ್ಕು ಪುಟ ಕೊಯ್ದೆ. ನಲವತ್ತು ವರ್ಷದ ರೂಢಿ, ಕೆಟ್ಟ ಕೊನೆ ಕಂಡರೆ ಕಿತ್ತುಹಾಕುವುದು. ಹನ್ನೆರಡು ಪುಟ ಹೊಲಿದು, ಮೇಲೆ ಕೆಂಪು ರೆಕ್ಸಿನ್ ಹಾಕಿ, ಚೆಂದ ಮಾಡಿ ಇಟ್ಟೆ. ಮಗುವಿನ ಕೈಯಲ್ಲಿ ಅಂಥದ್ದು ಇರಬಾರದು, ಯಾರಾದರೂ ನೋಡಿದರೆ ಮನೆ ಮುಳುಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ಶಾಲೆಯಿಂದ ಬಂದವಳು ಪುಸ್ತಕ ತಿರುವಿ ನೋಡಲೂ ಇಲ್ಲ. ಬೆನ್ನಿನ ದಪ್ಪ ಬೆರಳಲ್ಲಿ ಒತ್ತಿ ನೋಡಿದಳು.

"ಫಾರಂ ಹದಿನಾರಕ್ಕ ಬರ್ತದ ದಾದಾ. ಇದು ಹನ್ನೆರಡ ಅದ."

ನಾನು ಅಂಟಿನ ಡಬ್ಬಿಗೆ ಮುಚ್ಚಳ ಹಾಕಿದೆ.

"ನೀವ ಕಲಿಸೀರಿ ನನಗ ಎಣಿಸೂದು."

"ಬೇಟಿ, ಅವು ಚಂದ ಬಂದಿರಲಿಲ್ಲ..."

"ಆ ಕಾಕಾ ಅಂಗಡಿಗೆ ಬಂದು ನಿಮಗ ಕೈ ಮುಗದು ಹೋದ್ರು," ಅಂದಳು. ದನಿ ಏರಲಿಲ್ಲ. "ನೀವು ಕೈ ಮುಗಿಸ್ಕೊಂಡ್ರಿ."

ಪುಸ್ತಕ ಅಲ್ಲೇ ಇಟ್ಟು ಮನೆಗೆ ಹೋದಳು. ಹನ್ನೆರಡು ವರ್ಷದ ಹುಡುಗಿ. ಅವಳಿಗೆ ಬೇಕಾಗಿದ್ದದ್ದು ಏನು ಅಂತ ಆಗ ಪೂರ್ತಿ ತಿಳಿಯಿತು. ಅಪ್ಪ ಸಿಕ್ಕಿಬೀಳಬೇಕು ಅಂತಲ್ಲ. ಮಾಡಿದ್ದನ್ನು ಒಪ್ಪಿಕೊಂಡ, ಬಿಳಿ ಬಿಟ್ಟ ಜಾಗದಲ್ಲಿ ಮುಖ ಬರೆಯಬಹುದಾದ ಒಬ್ಬ ಅಪ್ಪ ಬೇಕಾಗಿದ್ದ. ಅದನ್ನು ತಡೆದು ನಿಂತವನು ನಾನೇ.

ಮಾರನೆಯ ದಿನ ಆ ನಾಲ್ಕು ಪುಟ ಅಂಗಿಯೊಳಗೆ ಇಟ್ಟುಕೊಂಡು ಬಸ್ ಹತ್ತಿದೆ. ಆಳಂದದಿಂದ ಕಲಬುರಗಿ, ಕಲಬುರಗಿಯಿಂದ ಜೇವರ್ಗಿ, ಅಲ್ಲಿಂದ ಕೊಳಕೂರು. ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆ. ಮಗ ಹೊಲದಲ್ಲಿ ತೊಗರಿ ಕಟ್ಟಿಗೆ ಒಟ್ಟುತ್ತಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ನನ್ನನ್ನು ಕಂಡು ಹೆದರಿದ, ಯಾರಾದರೂ ಹಿಂದೆ ಬಂದಿದ್ದಾರೇನೋ ಅಂತ ದಾರಿ ನೋಡಿದ.

ನಾನು ಪುಟಗಳನ್ನು ಕೊಟ್ಟೆ. ಕೈಯನ್ನು ಪೈಜಾಮಕ್ಕೆ ಒರೆಸಿಕೊಂಡು ತೆಗೆದುಕೊಂಡ. ಬಹಳ ಹೊತ್ತು ನೋಡಿದ.

"ಇದು ನೀವು."

"ಹೌದು."

"ಇದು ನಾನು."

ಬಿಳಿ ಬಿಟ್ಟ ಜಾಗದ ಮೇಲೆ ಬೆರಳಾಡಿಸಿದ.

"ಮುಖ ಯಾಕ ಬಿಟ್ಟಾಳ ಅಬ್ಬಾ?"

"ನನಗೇನ ಗೊತ್ತು. ಅಕಿನ್ನ ಕೇಳು."

ಅವನು ಕಟ್ಟಿಗೆಯ ರಾಶಿಗೆ ಒರಗಿ ಕುಳಿತ. ಅಳಲಿಲ್ಲ. "ಸಾವ್ಕಾರ ಎಲ್ಲಾ ನೋಡ್ಕೋತೇನಿ ಅಂದಾನ," ಅಂದ. ಮತ್ತೆ, "ಒಳಗ ಹಾಕ್ತಾರ," ಅಂದ. ಮತ್ತೆ ಪುಟ ನೋಡಿದ. ನನಗೆ ಬುದ್ಧಿ ಹೇಳುವ ಮುಖ ಇರಲಿಲ್ಲ, ಅದಕ್ಕೇ ನನ್ನ ಮಾತನ್ನಷ್ಟೇ ಹೇಳಿದೆ.

"ನೀ ಬಂದರ ಬಾ, ಬಿಟ್ಟರ ಬಿಡು. ನಾ ಮಾತ್ರ ಸ್ಟೇಷನ್ನಿಗೆ ಹೋಗಿ ಪುಣೆ ಸುಳ್ಳು ಅಂತ ಹೇಳಿ ಬರ್ತೇನಿ."

ಅವನು ನನ್ನ ಮುಖ ನೋಡಿದ. ಕೊನೆಗೆ, "ನೀವೊಬ್ರ ಹೋಗಬ್ಯಾಡ್ರಿ," ಅಂದ.

ಮರುದಿನ ಮುಂಜಾನೆ ಇಬ್ಬರೂ ಅಫಜಲಪುರಕ್ಕೆ ಹೋದೆವು. ಮೊದಲು ಮನೆಗೆ ಹೋಗಿ ಮಗಳನ್ನು ನೋಡು ಅಂದರೆ ಒಪ್ಪಲಿಲ್ಲ, ನೋಡಿದರೆ ಕಾಲು ಹಿಂದೆ ಸರಿಯುತ್ತದೆ ಅಂದ. ಸ್ಟೇಷನ್ನಿನಲ್ಲಿ ಅವನು ಹೇಳಿದ್ದನ್ನು ಬರೆದುಕೊಂಡರು, ಸಾವ್ಕಾರನ ಹೆಸರನ್ನೂ. ನಾನು ಹೇಳಿದ್ದನ್ನೂ ಬರೆದುಕೊಂಡರು.

"ನಿಮ್ಮ ಮ್ಯಾಲೂ ಕೇಸ್ ಆಗಬಹುದು, ಗೊತ್ತದೇನು?" ಅಂದರು ಸಾಹೇಬರು.

"ಆಗಲಿ ಬಿಡ್ರಿ," ಅಂದೆ. ಹೊರಗೆ ಬಂದಾಗ ನಾನೊಬ್ಬನೇ ಇದ್ದೆ. ಸೊಸೆಗೆ ಫೋನಿನಲ್ಲಿ ಹೇಳಿದೆ. ಅವಳು ಫೋನು ಇಟ್ಟುಬಿಟ್ಟಳು. ಆಮೇಲೆ ಹತ್ತು ದಿನ ನನಗೆ ಊಟಕ್ಕೆ ಹಾಕಿ ಮುಖ ತಿರುಗಿಸಿ ಹೋಗುತ್ತಿದ್ದಳು. ಅವಳ ಸಿಟ್ಟನ್ನು ನಾನು ತಪ್ಪು ಅನ್ನಲಾರೆ.

ಜಾಮೀನಿನ ಮೇಲೆ ಮಗ ಮನೆಗೆ ಬಂದ. ಈಗ ಗಾಡಿ ಮುಟ್ಟುವುದಿಲ್ಲ, ದಾಲ್ ಮಿಲ್ಲಿನಲ್ಲಿ ಚೀಲ ಹೊರುತ್ತಾನೆ. ಕೊಯ್ದ ಪುಟಗಳನ್ನು ಮತ್ತೆ ಹೊಲಿದೆ. ಮೇಡಂ ಪ್ರತಿ ಮಾಡಿಸಲೇ ಅಂತ ಕೇಳಿದಾಗ ಮೊಮ್ಮಗಳು ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿದಳು. ಅವನು, "ಮಾಡಸ್ರಿ," ಅಂದ. ಇಷ್ಟಾದರೂ ಅವಳು ಅವನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ರೊಟ್ಟಿ ತಂದು ತಟ್ಟೆಗೆ ಹಾಕುವಳು, ಎದ್ದು ಒಳಗೆ ಹೋಗುವಳು. ಒಮ್ಮೆ ನಾನು ಕೇಳಿದೆ, ಇನ್ನೂ ಯಾಕೆ ಸಿಟ್ಟು ಅಂತ.

"ಓಡಿ ಹೋದ್ದಕ್ಕಲ್ಲ ದಾದಾ. ಅಕಿ ಇನ್ನಾ ಜೀವಂತ ಇದ್ದಾಗ ಓಡಿದ್ರೋ, ಹೋದ ಮ್ಯಾಲೆ ಓಡಿದ್ರೋ? ಅದನ್ನ ಯಾರಿಗೂ ಹೇಳಿಲ್ಲ ಅವರು."

ಅದನ್ನು ಕೇಳುವ ಧೈರ್ಯ ನನಗೂ ಆಗಿರಲಿಲ್ಲ.

ಅಫಜಲಪುರದ ಕೋರ್ಟಿನಲ್ಲಿ ಮೂರನೇ ಸಲ ತಾರೀಖು ಬಿದ್ದಾಗ ಶಾಲೆಗೆ ರಜೆ ಇತ್ತು. ನಾನೂ ಬರುತ್ತೇನೆ ಅಂದಳು. ತಾಯಿ ಬೇಡ ಅಂದರೂ ಚಪ್ಪಲಿ ಹಾಕಿಕೊಂಡು ಹೊರಗೆ ನಿಂತಳು. ಮೂವರೂ ಹೋದೆವು. ಕೇಸು ಮುಂದಕ್ಕೆ ಹೋಯಿತು. ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದಾಗ ಆ ಮನುಷ್ಯ, ತೀರಿಕೊಂಡವಳ ಗಂಡ, ನಮ್ಮ ಕಡೆಗೆ ನಡೆದು ಬಂದ. ಹಿಂದಿನ ಎರಡು ತಾರೀಖಿಗೂ ಅವನು ನಮ್ಮ ಕಡೆ ನೋಡಿರಲಿಲ್ಲ. ನಾನು ಮಗನ ಮುಂದೆ ಹೋಗಿ ನಿಂತೆ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದರೂ ಅವನದು ತಪ್ಪಲ್ಲ.

"ಸ್ವಲ್ಪ ಸರೀರಿ ಚಾಚಾ. ನಾ ಏನೂ ಮಾಡಂಗಿಲ್ಲ. ಒಂದ ಮಾತು ಕೇಳೂದದ," ಅಂದ. ಆಮೇಲೆ ಮಗನಿಗೆ, "ನೀ ಇಳದು ನೋಡಿದಾಗ ಅಕಿ ಏನರ ಅಂದಳೇನು?"

ಮಗ ನೆಲ ನೋಡಿದ. ಮೊಮ್ಮಗಳು ಅಪ್ಪನನ್ನು ನೋಡುತ್ತಿದ್ದಳು. ವಕೀಲರು ದೂರದಿಂದ ಮಾತಾಡಬೇಡ ಅಂತ ಕೈ ಸನ್ನೆ ಮಾಡುತ್ತಿದ್ದರು.

"ಅಂದಳು," ಅಂದ ಮಗ. "ಬುತ್ತಿಗಂಟು ಹಾದ್ಯಾಗ ಬಿದ್ದಿತ್ತು. ಅದನ್ನ ತಗೀರಿ, ಯಾರರ ತುಳೀತಾರ ಅಂದಳು. ನಾ ತಗದು ಬದುವಿನ ಮ್ಯಾಲೆ ಇಟ್ಟೆ. ಆಮ್ಯಾಲೆ ಫೋನ್ ಮಾಡಿದೆ. ಆಮ್ಯಾಲೆ ಹೋದೆ. ಅಕಿ ಇನ್ನಾ ಇದ್ದಳು."

ಆ ಮನುಷ್ಯ ಟವೆಲಿನಿಂದ ಬಾಯಿ ಮುಚ್ಚಿಕೊಂಡ.

"ಬುತ್ತಿ ಬದುವಿನ ಮ್ಯಾಲ ಇತ್ತು," ಅಂದ. "ಅಕೀನ ಇಟ್ಟು ಕುಂತಿದ್ದಳೇನೋ ಅಂತ ತಿಳ್ಕೊಂಡಿದ್ದೆ ನಾ. ಕುಂತಾಕಿ ಗಾಲಿಗೆ ಹ್ಯಾಂಗ ಸಿಕ್ಕಳು ಅಂತ ದಿನಾ ಯೋಚನಿ ಮಾಡ್ತಿದ್ದೆ." ಮಗನನ್ನು ಕ್ಷಮಿಸಿದೆ ಅಂತ ಅನ್ನಲಿಲ್ಲ, ಬೈಯಲೂ ಇಲ್ಲ. "ಇದನ್ನ ಒಳಗ ಜಡ್ಜ್ ಸಾಹೇಬರ ಮುಂದೂ ಹೇಳ್ತೀಯೇನು?"

"ಹೇಳ್ತೇನಿ."

ಅವನು ತಲೆ ಆಡಿಸಿ, ತನ್ನ ಊರಿನ ಬಸ್ಸಿಗೆ ನಡೆದುಹೋದ. ವಕೀಲರು ಬಂದು ಮಗನಿಗೆ ಬೈದರು. ಇಷ್ಟು ಹೇಳಿದರೆ ಶಿಕ್ಷೆ ತಪ್ಪುವುದಿಲ್ಲ ಅಂದರು. ಅದು ನಿಜವಿರಬಹುದು. ಅವನು ಒಳಗೆ ಹೋದರೆ ಮನೆ ಹೇಗೆ ನಡೆಯುತ್ತದೋ, ಆ ದಿನಕ್ಕೆ ನಾನು ಇರುತ್ತೇನೋ ಇಲ್ಲವೋ, ಯಾವುದೂ ಗೊತ್ತಿಲ್ಲ.

ಆಳಂದದ ಬಸ್ಸು ತುಂಬಿತ್ತು. ಮೊಮ್ಮಗಳು ಮೊದಲು ಹತ್ತಿ ಇಬ್ಬರು ಕೂಡುವ ಸೀಟೊಂದು ಹಿಡಿದಳು. ನಾನು ಮುದುಕ, ನನಗೇ ಅಂತ ತಿಳಿದು ಆ ಕಡೆ ಹೆಜ್ಜೆ ಹಾಕಿದೆ. ಅವಳು ಪಕ್ಕದ ಜಾಗದ ಮೇಲೆ ಕೈ ಇಟ್ಟಳು.

"ದಾದಾ, ನೀವು ನಿಂದ್ರಿರಿ," ಅಂದಳು. "ಪಪ್ಪಾ, ಬರ್ರಿ ಇಲ್ಲಿ, ಕೂಡ್ರಿ."

ಮಗ ಬಂದು ಕುಳಿತ. ಒಂದಷ್ಟು ಊರು ದಾಟಿದ ಮೇಲೆ ಅವಳು ಅವನ ಭುಜಕ್ಕೆ ತಲೆ ಇಟ್ಟಳು. ಕಂಡಕ್ಟರ್, "ಅಜ್ಜಾರ, ಯಾರರ ಎಬ್ಬಸ್ಲೇನ್ರಿ?" ಅಂತ ಎರಡು ಸಲ ಕೇಳಿದ. ಬ್ಯಾಡಪ್ಪ ಅಂದೆ. ಮೊಣಕಾಲು ಬಾವು ಬಂದವನು, ಮೇಲಿನ ಸರಳು ಹಿಡಿದು, ಅವರಿಬ್ಬರ ನೆತ್ತಿ ನೋಡುತ್ತ ಆಳಂದದವರೆಗೂ ನಿಂತೇ ಬಂದೆ.